ಪಿನ್ನಿಗೆ ಹಿಡಿದ ತುಕ್ಕು

ಹುಲಗಮ್ಮನ ಫೋನ್ ಬಂದಾಗ ಅತೀಯಾ ಕೊಪ್ಪಳದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು.

“ಮೇಡಮ್ಮಾರ, ನಾ ತಾವರಗೇರಾದ ಹುಲಗಮ್ಮರಿ. ಕಾಲು ಸರಿ ಇಲ್ಲರಿ. ಮೊಣಕಾಲಾಗ ಕಟ್ ಕಟ್ ಅಂತೈತಿ. ನಿನ್ನೆ ಸಂತ್ಯಾಗ ಬಿದ್ದೆ.”

“ಬಿದ್ರಾ? ಪೆಟ್ಟು ಆತೇನು?”

“ಮೊಣಕೈ ತರಚೈತಿ, ಅದಿರ್ಲಿ. ಕಾಲು ನೋಡ್ರಿ ಮದಲ.”

ಅತೀಯಾ ಪೆನ್ನು ಕೆಳಗಿಟ್ಟಳು. ಆ ಕಾಲು ಕೊಟ್ಟು ಇನ್ನೂ ಇಪ್ಪತ್ತು ದಿನವೂ ಆಗಿರಲಿಲ್ಲ.

ಹುಲಗಮ್ಮನಿಗೆ ನಲವತ್ತೆರಡು ವರ್ಷ. ಆರು ವರ್ಷದ ಹಿಂದೆ ಟ್ರ್ಯಾಕ್ಟರಿನ ಟ್ರೈಲರ್ ಮಗುಚಿ ಎಡಗಾಲು ತೊಡೆಯ ನಡುಮಟ್ಟ ಹೋಗಿತ್ತು. ಆಮೇಲೂ ಆಕೆ ಆಡು ಮೇಯಿಸುವುದನ್ನು ಬಿಟ್ಟಿರಲಿಲ್ಲ. ಇಪ್ಪತ್ತೆರಡು ಆಡು, ದಿನಕ್ಕೆ ಆರೇಳು ಕಿಲೋಮೀಟರ್ ಕೆಮ್ಮಣ್ಣಿನ ಧೂಳು. ಕೃತಕ ಕಾಲಿನ ಮೊಣಕಾಲಿನಲ್ಲಿ ಬಾಗಿಲ ಕೀಲಿನ ಹಾಗೆ ಒಂದು ಪಿನ್ನು ಇರುತ್ತದೆ. ಮೇಲಿನ ಭಾಗ, ಕೆಳಗಿನ ಭಾಗ ಎರಡೂ ಅದರ ಮೇಲೆ ತಿರುಗಬೇಕು. ಪಟ್ಟಣದಲ್ಲಿ ಎರಡು ವರ್ಷ ಬರುವ ಪಿನ್ನು ಹುಲಗಮ್ಮನ ಧೂಳಿನಲ್ಲಿ ನಾಲ್ಕು ತಿಂಗಳಿಗೆ ಸವೆದು ಕಾಲು ಅಳ್ಳಾಡತೊಡಗುತ್ತಿತ್ತು. ಕೊಪ್ಪಳದ ಕೃತಕ ಕಾಲು ಕೇಂದ್ರದಲ್ಲಿ ಕಾಲು ಜೋಡಿಸುವ ಗವಿಸಿದ್ದೇಶ ಈ ಮಾತನ್ನು ಅತೀಯಾಳ ಕಿವಿಗೆ ಹಾಕಿದ್ದ. ಆಗ ಆಕೆ ಟೈಟಾನಿಯಂ ಸವೆಯದಂತೆ ಮಾಡುವ ಬಗ್ಗೆಯೇ ಪಿಎಚ್‌ಡಿ ಮಾಡುತ್ತಿದ್ದಳು.

ಟೈಟಾನಿಯಂ ಹಗುರ, ಗಟ್ಟಿ, ಬೆವರು ಕೆಸರು ಯಾವುದಕ್ಕೂ ತುಕ್ಕು ಹಿಡಿಯುವುದಿಲ್ಲ. ಆದರೆ ಉಜ್ಜಾಟ ಅದಕ್ಕೆ ಆಗಿಬರುವುದಿಲ್ಲ. ಇನ್ನೊಂದು ಲೋಹದ ಮೇಲೆ ತಿರುಗಿಸಿದರೆ ಕಿತ್ತು ಕಿತ್ತು ಬರುತ್ತದೆ. ಅತೀಯಾ ಅದರ ಮೇಲೆ ಲೇಸರಿನಿಂದ ಒಂದು ಪದರ ಕೂರಿಸುತ್ತಿದ್ದಳು. ಲೋಹದ ಪುಡಿಯಲ್ಲಿ ಟೈಟಾನಿಯಂ ಕಾರ್ಬೈಡಿನ ಗಡಸು ಹರಳು ಬೆರೆಸಿ, ಗಾಳಿ ತಾಗದಂತೆ ಆರ್ಗಾನ್ ಅನಿಲ ಬಿಟ್ಟು, ಲೇಸರ್ ಕಿರಣದಲ್ಲಿ ಕರಗಿಸಿ ಪಿನ್ನಿನ ಮೈಗೇ ಬೆಸೆಯುವುದು. ಲೇಸರ್ ಯಂತ್ರ ಹೈದರಾಬಾದಿನಲ್ಲಿತ್ತು. ಎರಡು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದಳು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಯಂತ್ರ ರಿಪೇರಿ ಮಾಡುವ ಅಪ್ಪ ಜಿಲಾನಿಗೆ ಅವಳು ಹೇಳಿದ್ದು ಇಷ್ಟೇ: “ಶೇಂಗಾ ಚಿಕ್ಕಿ ಇದ್ದಂಗ ಅಬ್ಬಾ. ಬೆಲ್ಲದಾಗ ಶೇಂಗಾ. ಬೆಲ್ಲ ಹಿಡಕೊಂಡಿರತೈತಿ, ಶೇಂಗಾ ಪೆಟ್ಟು ತಿಂತೈತಿ.”

ಪರೀಕ್ಷೆಯೂ ಚೆನ್ನಾಗಿಯೇ ಆಗಿತ್ತು. ಉಕ್ಕಿನ ಗುಂಡನ್ನು ಒತ್ತಿ ತಟ್ಟೆಯನ್ನು ತಾಸುಗಟ್ಟಲೆ ತಿರುಗಿಸಿದಾಗ ಬರಿಯ ಟೈಟಾನಿಯಂ ನಲವತ್ತೊಂದು ಮಿಲಿಗ್ರಾಂ ಕಳೆದುಕೊಂಡಿತ್ತು. ಪದರ ಹಾಕಿದ ತಟ್ಟೆ ಒಂದೂ ಕಳೆದುಕೊಳ್ಳಲಿಲ್ಲ. ಬದಲಿಗೆ ಎರಡು ಮಿಲಿಗ್ರಾಂ ಹೆಚ್ಚೇ ತೂಗಿತು. ಎಣ್ಣೆ ಸರಿಯಾಗಿ ತೊಳೆದಿಲ್ಲವೇನೋ ಎಂದು ಅತೀಯಾ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡು ಮುಂದೆ ಹೋಗಿದ್ದಳು. ಅವಳ ಗೈಡ್ ಸುಕನ್ಯಾ ಮೇಡಂಗೆ ಖುಷಿಯೋ ಖುಷಿ. ಅದೇ ವಾರ ಪ್ರಬಂಧ ಪತ್ರಿಕೆಗೆ ಹೋಯಿತು. ಅದೇ ತಿಂಗಳು ಹುಲಗಮ್ಮ ಒಪ್ಪಿ ಸಹಿ ಹಾಕಿ, ಹೊಸ ಪಿನ್ನಿನ ಕಾಲು ತೊಟ್ಟುಕೊಂಡು ಹೋದಳು. ಪಿನ್ನು ಒಳಗೆ ತಿರುಗುವ ಉಕ್ಕಿನ ಬಳೆ, ಅಂದರೆ ಬುಶ್ಶನ್ನು ಜಿಲಾನಿಯೇ ತನ್ನ ಲೇತಿನಲ್ಲಿ ಕಡೆದು, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ ಕೊಟ್ಟಿದ್ದ.

ಮರುದಿನ ಕೇಂದ್ರದ ವ್ಯಾನಿನಲ್ಲಿ ಅತೀಯಾ, ಗವಿಸಿದ್ದೇಶ ಇಬ್ಬರೂ ತಾವರಗೇರಾಕ್ಕೆ ಹೋದರು. ಹುಲಗಮ್ಮ ಕಟ್ಟೆಯ ಮೇಲೆ ಕಾಲು ಬಿಚ್ಚಿಟ್ಟು ಕೂತಿದ್ದಳು. ಮೊಣಕೈಗೆ ಅರಿಷಿಣ ಮೆತ್ತಿತ್ತು. ಗವಿಸಿದ್ದೇಶ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಿಸಿದ. ಕಟ್, ಕಟ್. ಪಿನ್ನು ಹೊರಗೆಳೆದು ಸೆರಗಿನಿಂದ ಒರೆಸಿದ ಅತೀಯಾಳಿಗೆ ಮೊದಲು ಬಂದದ್ದು ನೆಮ್ಮದಿಯ ಉಸಿರು. ಪಿನ್ನು ಥಳಥಳ ಹೊಳೆಯುತ್ತಿತ್ತು, ಒಂದು ಗೀರೂ ಇಲ್ಲ. ಬುಶ್ಶು ಮಾತ್ರ ದುಂಡಗಿನದು ಮೊಟ್ಟೆಯಾಕಾರಕ್ಕೆ ತಿರುಗಿತ್ತು.

“ಪಿನ್ನು ಛಲೋ ಐತಿ ಬಿಡ್ರಿ. ಬುಶ್ ಮೆತ್ತಗಿತ್ತು ಕಾಣತೈತಿ,” ಅಂದ ಗವಿಸಿದ್ದೇಶ. ಅಂದ ಮೇಲೆ ಬುಶ್ಶು ಯಾರು ಮಾಡಿದ್ದೆಂದು ನೆನಪಾಗಿ ಕಾಲಿನ ಧೂಳು ಒರೆಸತೊಡಗಿದ.

ಹುಲಗಮ್ಮ ಇಬ್ಬರ ಮುಖವನ್ನೂ ನೋಡಿದಳು. “ಯಾವುದು ಛಲೋ ಇದ್ರೇನು, ಯಾವುದು ಕೆಟ್ರೇನು? ಬಿದ್ದಾಕಿ ನಾನಲ್ಲೇನ್ರಿ?”

ಅತೀಯಾ ಪಿನ್ನು, ಬುಶ್ಶು ಎರಡನ್ನೂ ಚೀಲಕ್ಕೆ ಹಾಕಿಕೊಂಡಳು. ಹಳೆಯ ಕಾಲನ್ನೇ ಬಿಗಿಮಾಡಿ ತೊಡಿಸಿ ಹಿಂತಿರುಗಿದರು. ದಾರಿಯಲ್ಲಿ ಅತೀಯಾ ಸುಕನ್ಯಾ ಮೇಡಂಗೆ ಫೋನ್ ಹಚ್ಚಿದಳು. “ಪಿನ್ ಸವೆದಿಲ್ಲ ತಾನೇ? ಹಾಗಾದರೆ ನಮ್ಮ ಕೆಲಸ ಗೆದ್ದಂತೆಯೇ. ಬುಶ್ಶಿನ ಹೀಟ್ ಟ್ರೀಟ್‌ಮೆಂಟ್ ಸರಿ ಆಗಿರಲಿಲ್ಲ ಅಂತ ಒಂದು ಸಾಲು ಬರೆದಿಡು,” ಎಂದರು ಮೇಡಂ.

ಶನಿವಾರ ಸಂಜೆ ಅತೀಯಾ ಗಂಗಾವತಿಗೆ ಹೋದಳು. ಬಸ್‌ಸ್ಟ್ಯಾಂಡಿನಿಂದ ಸೀದಾ ಅಪ್ಪನ ವರ್ಕ್‌ಶಾಪಿಗೆ. ಮನೆಯಲ್ಲಿ ದಖನಿ ಮಾತಾಡುವ ಜಿಲಾನಿ, ಲೇತಿನ ಮುಂದೆ ನಿಂತರೆ ಮಗಳ ಜೊತೆಗೂ ಕನ್ನಡವೇ. ಪಿನ್ನು, ಬುಶ್ಶು ಎರಡನ್ನೂ ಅವನ ಅಂಗೈಗೆ ಹಾಕಿ, ಬಸ್ಸಿನಲ್ಲಿ ಹತ್ತು ಸಲ ಯೋಚಿಸಿಕೊಂಡು ಬಂದಿದ್ದನ್ನು ಮತ್ತೂ ತಪ್ಪಾಗಿಯೇ ಕೇಳಿದಳು.

“ಅಬ್ಬಾ, ಇದಕ್ಕ ಕಾವು ಸರಿಯಾಗಿ ಕೊಟ್ಟಿದ್ದ್ಯೋ ಇಲ್ಲೋ?”

ಜಿಲಾನಿ ಲೇತು ನಿಲ್ಲಿಸಿದ. ಗೂಡಿನಿಂದ ಹೊಸ ಅರ ತೆಗೆದು ಬುಶ್ಶಿನ ಹೊರಮೈ ಮೇಲೆ ಒಮ್ಮೆ ಎಳೆದ. ಮೆತ್ತಗಿದ್ದರೆ ಅರ ಕಚ್ಚಬೇಕಿತ್ತು, ಅದು ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಬುಶ್ಶನ್ನು ಮಗಳ ಮುಂದಿಟ್ಟು ಕೈ ತೊಳೆಯಲು ಹೋದ. ನಲವತ್ತು ವರ್ಷ ಈ ಊರಿನ ಗಿರಣಿಗಳಿಗೆ ಶಾಫ್ಟು ಬುಶ್ಶು ಮಾಡಿಕೊಟ್ಟವನು. ಮೆತ್ತಗಾಯಿತು ಎಂದು ಯಾವ ಗಿರಣಿಯವನೂ ತಿರುಗಿ ತಂದಿರಲಿಲ್ಲ. ಊಟಕ್ಕೆ ಅವನು ಮಗಳಿಂದ ದೂರ, ಗೋಡೆಯ ಪಕ್ಕ ಕೂತ. ಅವಳ ತಾಯಿ ಖೈರುನಬಿ ಇಬ್ಬರ ತಟ್ಟೆಗೂ ರೊಟ್ಟಿ ಹಾಕುತ್ತ, “ಏನಾತು ನಿಮ್ಮಿಬ್ಬರಿಗೆ?” ಎಂದು ಕೇಳಿ ಕೇಳಿ ಸಾಕಾಗಿ ಬಿಟ್ಟಳು.

ಭಾನುವಾರ ಬೆಳಿಗ್ಗೆ ಅತೀಯಾ ಎದ್ದು ಬಂದಾಗ ಜಿಲಾನಿ ಚಹಾ ಮುಗಿಸಿ ಅಂಗಳದಲ್ಲಿ ಕೂತಿದ್ದ. ಎದುರಿಗೆ ಒಂದು ಬಸಿ, ಅದರಲ್ಲಿ ಉಪ್ಪುನೀರು, ನೀರಿನಲ್ಲಿ ರಾತ್ರಿಯೇ ಹಾಕಿಟ್ಟ ಅವಳ ಪಿನ್ನು.

“ಟೈಟಾನಿಯಂಗ ತುಕ್ಕು ಹಿಡಿಯೂದಿಲ್ಲ ಅಂತ ಹೇಳಿದಾಕಿ ನೀನ ಹೌದಿಲ್ಲೋ?”

“ಹೌದು. ಜನ್ಮದಾಗ ಹಿಡಿಯೂದಿಲ್ಲ.”

“ನಿನ್ನ ಆ ಪದರಕ್ಕ?”

“ಅದಕ್ಕೂ ಇಲ್ಲ.”

“ಹಂಗಾದ್ರ ನೋಡು.”

ಅವಳು ಪಿನ್ನನ್ನು ಎತ್ತಿದಳು. ಎರಡು ತುದಿ ಮೊದಲಿನ ಹಾಗೇ ಬೂದು ಬಣ್ಣ. ಬುಶ್ಶು ಉಜ್ಜಿದ ನಡುಭಾಗದಲ್ಲಿ ಮಾತ್ರ ಕೆಂಪು ಪಟ್ಟಿ. ಉಗುರಿನಿಂದ ಕೆರೆದಳು. ಉಗುರಿನ ಸಂದಿಗೆ ತುಕ್ಕು ಬಂತು.

“ನಿನ್ನೆ ಥಳಥಳ ಹೊಳೀತಿತ್ತಲ್ಲ, ಅದು ನಿನ್ನ ಪಿನ್ನಲ್ಲ, ನನ್ನ ಬುಶ್ಶು,” ಅಂದ ಜಿಲಾನಿ. “ನಿನ್ನ ಶೇಂಗಾ ತಲಿ ಎತ್ತಿಕೊಂಡು ನಿಂತು ನನ್ನ ಬುಶ್ಶನ್ನ ಅರದಂಗ ತಿಕ್ಕೈತಿ. ತಿಕ್ಕಿದ್ದನ್ನ ಮೈಗೆಲ್ಲ ಬಳಕೊಂಡೈತಿ.”

ಅತೀಯಾಳಿಗೆ ತನ್ನ ನೋಟ್‌ಬುಕ್ಕಿನ ಅಂಚು ನೆನಪಾಯಿತು. ಎರಡು ಮಿಲಿಗ್ರಾಂ. ಅದು ಎಣ್ಣೆಯಾಗಿರಲಿಲ್ಲ. ಪರೀಕ್ಷೆಯ ಉಕ್ಕಿನ ಗುಂಡು ಸವೆದು ತಟ್ಟೆಗೆ ಅಂಟಿತ್ತು. ಅವಳು ಗುಂಡನ್ನು ತೂಗಿಯೇ ಇರಲಿಲ್ಲ. ತೂಗಬೇಕೆಂದು ಅವಳಿಗೆ ಗೊತ್ತಿತ್ತು, ತನ್ನ ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿದ್ದಳು. ಆದರೆ ಬೇಕಾಗಿದ್ದ ಉತ್ತರ ಕಣ್ಣೆದುರಿಗೆ ಬಂದಾಗ ಇನ್ನೊಂದು ತೂಕ ಮಾಡುವ ಮನಸ್ಸಾಗಲಿಲ್ಲ. ಅಷ್ಟೇ ಆಗಿದ್ದು.

“ಅಬ್ಬಾ, ನಿನ್ನೆ ನಾ ಹಂಗ ಕೇಳಬಾರದಾಗಿತ್ತು.”

“ಕೇಳೂದು ಕೇಳಬೇಕವ್ವ. ಆದ್ರ ನಿನ್ನ ಪಿನ್ನಿಗೂ ಒಂದು ಮಾತು ಕೇಳಬೇಕಾಗಿತ್ತು, ನನ್ನ ಬುಶ್ಶಿಗಷ್ಟ ಅಲ್ಲ.”

ಸೋಮವಾರ ಕಾಲೇಜಿನ ಪ್ರಯೋಗಾಲಯದಲ್ಲಿ ಅತೀಯಾ ಕಪಾಟಿನಿಂದ ಹಳೆಯ ಗುಂಡುಗಳನ್ನೆಲ್ಲ ಹೊರಗೆ ತೆಗೆದಳು. ಪುಣ್ಯಕ್ಕೆ ಬಿಸಾಡಿರಲಿಲ್ಲ, ಒಂದೊಂದರ ಚೀಟಿಯೂ ಇತ್ತು. ಹೊಸ ಗುಂಡುಗಳ ತೂಕಕ್ಕೆ ಹೋಲಿಸಿ ನೋಡಿದಳು. ಬರಿಯ ಟೈಟಾನಿಯಂ ಮೇಲೆ ಓಡಿದ ಗುಂಡು ಆರು ಮಿಲಿಗ್ರಾಂ ಕಳೆದುಕೊಂಡಿತ್ತು. ಪದರದ ಮೇಲೆ ಓಡಿದ್ದು ಅರವತ್ತೆಂಟು. ಅನುಮಾನಕ್ಕೆ ಎಡೆ ಇರಬಾರದೆಂದು ಪರೀಕ್ಷೆಯನ್ನೇ ಮೂರು ಸಲ ಮತ್ತೆ ಮಾಡಿದಳು. ಲೆಕ್ಕ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಜೋಡಿಯನ್ನು ಒಟ್ಟಿಗೆ ಹಿಡಿದರೆ, ಪದರ ಇಲ್ಲದಿದ್ದಾಗಲೇ ಸವಕಳಿ ಕಡಿಮೆ. ಎರಡು ವರ್ಷದ ಕೆಲಸ ಹುಲಗಮ್ಮನ ಕಾಲನ್ನು ಮೊದಲಿಗಿಂತ ಕೆಡಿಸಿತ್ತು.

ಕಾಗದಗಳನ್ನು ಹಿಡಿದು ಸುಕನ್ಯಾ ಮೇಡಂ ಕೋಣೆಗೆ ಹೋದಳು. ಮೇಡಂ ಕನ್ನಡಕ ಹಾಕಿಕೊಂಡು ಓದಿದರು. ತಿರುಗಿ ಮೊದಲಿನಿಂದ ಓದಿದರು.

“ಪ್ರಬಂಧ ಪರಿಶೀಲನೆಗೆ ಹೋಗಿದೆ, ಗೊತ್ತಲ್ಲ?”

“ಗೊತ್ತು ಮೇಡಂ. ವಾಪಸ್ ತಗೋಬೇಕು.”

“ಅದರಲ್ಲಿರೋ ಅಂಕಿ ಸುಳ್ಳಲ್ಲ. ಪದರ ತೂಕ ಕಳೆದುಕೊಂಡಿಲ್ಲ ಅನ್ನೋದು ನಿಜ.”

“ನಿಜ ಮೇಡಂ. ಆದ್ರ ಅದನ್ನ ಓದಿ ಇನ್ನೊಬ್ಬರು ಇನ್ನೊಂದು ಕಾಲು ಮಾಡ್ತಾರ.”

ಮೇಡಂ ಕನ್ನಡಕ ತೆಗೆದಿಟ್ಟರು. ಮುಂದಿನ ವರ್ಷ ಅವರ ಬಡ್ತಿ ಇತ್ತು. ಅದಕ್ಕೆ ಈ ಪ್ರಬಂಧ ಬೇಕಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಮೇಡಂ ಕಂಪ್ಯೂಟರ್ ತಮ್ಮ ಕಡೆ ಎಳೆದುಕೊಂಡು, “ಪತ್ರಿಕೆಗೆ ನಾನೇ ಬರೀತೀನಿ ಬಿಡು. ಗೈಡ್ ಬರೆದರೆ ಬೇರೆ ತೂಕ ಇರುತ್ತೆ,” ಎಂದರು. ಅತೀಯಾ ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ, “ನಿಮ್ಮ ತಂದೆಗೆ ನಾನು ಬುಶ್ಶಿನ ಬಗ್ಗೆ ಅಂದದ್ದು ಗೊತ್ತಾಗಿಲ್ಲ ತಾನೇ?” ಎಂದು ಕೇಳಿದರು.

“ನಾನೂ ಅದನ್ನೇ ಅಂದೆ ಮೇಡಂ.”

ಮುಂದಿನ ಎಂಟು ತಿಂಗಳು ಹೇಳಿಕೊಳ್ಳುವಂಥ ಸುದ್ದಿ ಏನೂ ಇರಲಿಲ್ಲ. ಅತೀಯಾ ಗಡಸು ಹರಳನ್ನು ನೂರಕ್ಕೆ ನಲವತ್ತರಿಂದ ಹದಿನೈದಕ್ಕೆ ಇಳಿಸಿದಳು. ಜೊತೆಗೆ ಬೋರಾನ್ ನೈಟ್ರೈಡ್ ಬೆರೆಸಿದಳು. ಮುಟ್ಟಿದರೆ ಮುಖದ ಪೌಡರಿನ ಹಾಗೆ ಜಾರುವ ಬಿಳಿ ಪುಡಿ ಅದು, ಎಣ್ಣೆ ಇಲ್ಲದ ಕಡೆ ಎಣ್ಣೆಯ ಕೆಲಸ ಮಾಡುತ್ತದೆ. ಮೊದಲ ಸಲ ಲೇಸರಿನ ಕಾವಿಗೆ ಆ ಪುಡಿ ಟೈಟಾನಿಯಂ ಜೊತೆ ಸೇರಿ ಬೇರೆಯೇ ಏನೋ ಆಗಿ, ಪದರ ಇನ್ನಷ್ಟು ಗಡಸಾಯಿತು. ಎರಡನೆಯ ಸಲ ಪದರ ಬಿರುಕು ಬಿಟ್ಟಿತು. ಮೂರನೆಯ ಸಲ ಪುಡಿಯ ಕಣಗಳಿಗೆ ನಿಕ್ಕಲ್ ಹೊದಿಕೆ ಇರುವುದನ್ನು ತರಿಸಿ, ಪಿನ್ನನ್ನು ಮೊದಲೇ ಬೆಚ್ಚಗೆ ಮಾಡಿ ಪದರ ಹಾಕಿಸಿದಳು. ನಿಂತಿತು. ಆಮೇಲೆ ಗಂಗಾವತಿಯಲ್ಲಿ ಜಿಲಾನಿ ಪಿನ್ನುಗಳನ್ನು ಲೇತಿಗೆ ಕಟ್ಟಿ, ವಜ್ರದ ಪೇಸ್ಟು ಹಚ್ಚಿದ ಚರ್ಮದ ಪಟ್ಟಿಯಲ್ಲಿ ತಾಸುಗಟ್ಟಲೆ ನಯಗೊಳಿಸಿದ. ಹರಳಿನ ತಲೆ ಒಂದೂ ಹೊರಗೆ ಉಳಿಯಬಾರದು ಎಂಬ ಹಟ ಅವನದು.

“ಎರಡೂ ಎಂದೂ ಸವಿಬಾರದು ಅನ್ನೂದು ಆಗದ ಮಾತು,” ಎಂದು ಅವನು ಪಟ್ಟಿ ಹಿಡಿದುಕೊಂಡೇ ಹೇಳುತ್ತಿದ್ದ. “ಎರಡೂ ಸ್ವಲ್ಪ ಸ್ವಲ್ಪ ಸವೀಲಿ. ಬದಲಿ ಮಾಡಾಕ ಸಸಾರ ಇರೂದು ಬೇಕಾದ್ರ ತುಸು ಹೆಚ್ಚಿಗಿ ಸವೀಲಿ.”

ಹೊಸ ಪದರ ಐದು ಮಿಲಿಗ್ರಾಂ ಕಳೆದುಕೊಂಡಿತು. ಗುಂಡು ಏಳು. ಈ ಸಲ ಅತೀಯಾ ಎರಡನ್ನೂ ತೂಗಿದಳು, ಉಪ್ಪುನೀರಿನಲ್ಲಿಯೂ ಇಟ್ಟು ನೋಡಿದಳು. ತುಕ್ಕು ಕಾಣಲಿಲ್ಲ.

ಹುಲಗಮ್ಮನನ್ನು ಮತ್ತೆ ಕೇಳಲು ಅತೀಯಾಳಿಗೆ ಮುಜುಗರವಿತ್ತು. ಬೇರೆ ಯಾರಿಗಾದರೂ ಹಾಕೋಣವೆಂದು ಗವಿಸಿದ್ದೇಶನೂ ಹೇಳಿದ. ಆದರೂ ಅವಳೇ ತಾವರಗೇರಾಕ್ಕೆ ಹೋಗಿ, ಆಡುಗಳು ಮನೆಗೆ ಬರುವ ಹೊತ್ತಿನವರೆಗೆ ಕಟ್ಟೆಯ ಮೇಲೆ ಕಾದು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಗುಂಡು ತೂಗದೆ ಬಿಟ್ಟಿದ್ದು ತನ್ನ ತಪ್ಪು ಎಂಬುದನ್ನೂ.

ಹುಲಗಮ್ಮ ಮರಿಯೊಂದರ ಕಿವಿಯಿಂದ ಉಣ್ಣೆಹುಳು ಕೀಳುತ್ತ ಕೇಳಿಸಿಕೊಂಡಳು.

“ಈಗ ಬೀಳೂದಿಲ್ಲ ಅಂತೀರೇನು?”

“ಖಾತ್ರಿ ಹೇಳಾಕ ಬರೂದಿಲ್ಲ ಅಕ್ಕಾರ. ಕಟ್ ಅನ್ನೂಕ್ಕಿಂತ ಮದಲ ಗೊತ್ತಾಗೂ ಹಂಗ ಮಾಡೀವಿ. ಹದಿನೈದು ದಿನಕ್ಕೊಮ್ಮಿ ನಾನ ಬಂದು ನೋಡ್ತೀನಿ.”

“ಖಾತ್ರಿ ಅಂದಿದ್ರ ಒಲ್ಲೆ ಅಂತಿದ್ದೆ,” ಅಂದಳು ಹುಲಗಮ್ಮ. “ಹಾಕ್ರಿ.”

ಅತೀಯಾ ಹೇಳಿದ ಹಾಗೆಯೇ ಬಂದಳು. ಹದಿನೈದು ದಿನಕ್ಕೊಮ್ಮೆ ಬಸ್ಸು, ಸವಕಳಿ ಅಳೆಯುವ ಗೇಜು, ನೋಟ್‌ಬುಕ್ಕು. ನಾಲ್ಕು ತಿಂಗಳು ಕಳೆಯಿತು. ಐದನೆಯದರಲ್ಲಿ ಬುಶ್ಶು ಕೂದಲೆಳೆಯಷ್ಟು ಸಡಿಲವಾಯಿತು. ಗವಿಸಿದ್ದೇಶ ಹೊಸದು ಹಾಕಲು ಹೊರಟಾಗ ಹುಲಗಮ್ಮ ಅವನ ಕೈಯಿಂದ ನಟ್ಟು ಬಿಚ್ಚುವ ಪಾನಾ ಇಸಿದುಕೊಂಡು, “ಹೆಂಗ ಅಂತ ತೋರಸ್ರಿ, ನಾನ ಹಾಕೋತೀನಿ. ಇದಕ್ಕಂತ ಕೊಪ್ಪಳಕ್ಕ ಯಾರು ಬರಬೇಕು?” ಅಂದಳು. ಎರಡು ಸಲ ತೋರಿಸಿದ್ದಕ್ಕೆ ಮೂರನೆಯ ಸಲ ತಾನೇ ಹಾಕಿದಳು. ಎದ್ದು ನಿಂತು ಅಂಗಳದ ಆಚೆಯ ಬೇವಿನ ಮರದವರೆಗೆ ಹೋಗಿ ಬಂದಳು. ಸದ್ದಿರಲಿಲ್ಲ.

ತಿದ್ದಿ ಬರೆದ ಪ್ರಬಂಧವನ್ನು ಮೊದಲಿನ ಪತ್ರಿಕೆ ತೆಗೆದುಕೊಳ್ಳಲಿಲ್ಲ. ಫಲಿತಾಂಶದಲ್ಲಿ ವಿಶೇಷವಿಲ್ಲ ಎಂದಿತು. ಇನ್ನೊಂದು ಸಣ್ಣ ಪತ್ರಿಕೆ ತೆಗೆದುಕೊಂಡಿತು. ಕೆಟ್ಟ ಪದರದ ಅಂಕಿಗಳನ್ನೂ ಒಳ್ಳೆಯದರ ಪಕ್ಕದಲ್ಲೇ ಅಚ್ಚು ಹಾಕಿತು. ಸುಕನ್ಯಾ ಮೇಡಂ ಬಡ್ತಿ ಒಂದು ವರ್ಷ ಮುಂದೆ ಹೋಯಿತು. ಕೃತಜ್ಞತೆಯ ಸಾಲಿನಲ್ಲಿ ಜಿಲಾನಿಯ ಹೆಸರು ಇರಲೇಬೇಕೆಂದು ಹಟ ಹಿಡಿದವರು ಅವರೇ. ಖೈರುನಬಿ ಆ ಪುಟವನ್ನು ಚೌಕಟ್ಟು ಹಾಕಿಸಿ ವರ್ಕ್‌ಶಾಪಿಗೆ ಕಳಿಸಿದಳು. ಜಿಲಾನಿ ಅದನ್ನು ಲೇತಿನ ಧೂಳು ತಾಗದ ಕಡೆ, ನಮಾಜಿನ ಚಾಪೆ ಇಡುವ ಗೂಡಿನ ಮೇಲೆ ತೂಗುಹಾಕಿದ.

ಮೊನ್ನೆ ಮಳೆ ಬಿದ್ದ ಮೇಲೆ ಹುಲಗಮ್ಮನ ಫೋನ್ ಬಂತು. ಅತೀಯಾ ನೋಟ್‌ಬುಕ್ಕು ಎಳೆದುಕೊಂಡಳು.

“ಮೊಣಕಾಲು ಏನಾತು ಅಕ್ಕಾರ?”

“ಮೊಣಕಾಲು ತನ್ನ ಪಾಡಿಗೆ ಐತಿ ಬಿಡ್ರಿ. ಪಾದದ್ದು ನೋಡ್ರಿ ಈಗ. ಕೆಸರಾಗ ಜಾರತೈತಿ, ಹಿಮ್ಮಡ್ಯಾಗ ಹಿಡಿತ ಇಲ್ಲ. ಯಾವಾಗ ಬರ್ತೀರಿ?”

“ಗುರುವಾರ,” ಅಂದಳು ಅತೀಯಾ.