ಮೊದಲು ಕಂಬ, ಆಮೇಲೆ ಕಟ್ಟೆ

ಚಳಿ ಹಿಂದೆ ಸರಿಯುತ್ತಿದ್ದ ದಿನಗಳು, ಬೆಳಗಿನ ಎಂಟರ ಹೊತ್ತು. ಕಟಿಂಗ್ ಅಂಗಡಿಯವನು ದಿನದ ಮೊದಲ ಗಿರಾಕಿಯ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಕತ್ತಿ ತಾಗಿಸುವಷ್ಟರಲ್ಲಿ ಬೀದಿಯ ತಿರುವಿನಿಂದ ಸದ್ದು ಬಂತು. 'ಧಡ್' ಎಂದು ಒಂದು. ಉಸಿರು ಬಿಡುವಷ್ಟು ಹೊತ್ತು ಸುಮ್ಮನಿದ್ದು, 'ಕರ್ರ್' ಎಂದು ಇನ್ನೊಂದು.

ಅವನು ಕತ್ತಿ ಹಿಂದಕ್ಕೆಳೆದ. ಹತ್ತು ನಿಮಿಷದ ಹಿಂದಷ್ಟೇ ಅವನ ಹೆಂಡತಿ ಕಾರು ತೆಗೆದುಕೊಂಡು ಹೊರಟಿದ್ದಳು. ಐವತ್ತೆಂಟನೆಯ ವಯಸ್ಸಿಗೆ ಲೈಸೆನ್ಸು ಪಡೆದವಳು, ಪಕ್ಕದಲ್ಲಿ ಯಾರೂ ಕೂರದೆ ಹೊರಟದ್ದು ಅದೇ ಮೊದಲು. "ಒಂದು ಸುತ್ತು ಹಾಕ್ಕೊಂಡು ಬರ್ತೀನಿ ರೀ, ಒಲೆ ಮೇಲೆ ಹಾಲಿದೆ ನೋಡ್ಕೊಳ್ಳಿ" ಎಂದಿದ್ದಳು. ಅವನು ಹಾಲನ್ನೂ ಮರೆತ, ಗಿರಾಕಿಯನ್ನೂ ಮರೆತ, ಕತ್ತಿ ಹಿಡಿದೇ ಓಡಿದ. ಎದುರಿಗೆ ಸಿಕ್ಕವರೆಲ್ಲ ಕತ್ತಿ ನೋಡಿ ದಾರಿ ಬಿಟ್ಟರು. ಹಿಂದಿನಿಂದ ಅರ್ಧ ಮುಖಕ್ಕೆ ನೊರೆ, ಕೊರಳಿಗೆ ಬಿಳಿ ಬಟ್ಟೆ ಸಮೇತ ಗಿರಾಕಿಯೂ ಓಡಿದ.

ತಿರುವಿನಲ್ಲಿ ಕಾರು ನಿಂತಿತ್ತು. ಎಡಗಡೆಯ ಮಡ್‌ಗಾರ್ಡು ಹಿಂಡಿದ ಬಟ್ಟೆಯ ಹಾಗಾಗಿತ್ತು. ಹೆಡ್‌ಲೈಟಿನ ಗಾಜು ನೆಲದ ಮೇಲೆ ಚೆಲ್ಲಿತ್ತು. ಮುಂದೆ ದೀಪದ ಕಂಬ, ಅದೇ ಎಡಪಕ್ಕಕ್ಕೆ ಕಲ್ಲುಕಟ್ಟೆ. ಹೆಂಡತಿ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಇನ್ನೂ ಓಡಿಸುತ್ತಿರುವವಳಂತೆ ಕೂತಿದ್ದಳು. ಅವಳಿಗೆ ಒಂದು ಗೀರೂ ಆಗಿರಲಿಲ್ಲ.

"ನಾಯಿ ಅಡ್ಡ ಬಂತು" ಎಂದಳು.

ಆ ಬೀದಿಗೆ ಇದ್ದದ್ದು ಒಂದೇ ನಾಯಿ. ಅವನ ಅಂಗಡಿಯ ಮೆಟ್ಟಿಲ ಮೇಲೆ ಮಲಗಿದ್ದ ಅದನ್ನು ಓಡಿ ಬರುವಾಗ ಅವನೇ ದಾಟಿ ಬಂದಿದ್ದ. ಆದರೆ ಗಾಬರಿಯಲ್ಲಿರುವವರ ಹತ್ತಿರ ನಾಯಿಯ ಲೆಕ್ಕ ಕೇಳಬಾರದು. "ಹೋಗ್ಲಿ ಬಿಡು, ನಿಂಗೇನೂ ಆಗ್ಲಿಲ್ಲವಲ್ಲ" ಎಂದ. ಅಂಗಡಿಯ ಹಿಂದಿನ ಮನೆಗೆ ಬಂದು ನೋಡಿದರೆ ಹಾಲು ಉಕ್ಕಿ ಒಲೆ ಆರಿತ್ತು.

ಆ ಕಾರಿಗೆ ಮನೆಯಲ್ಲಿ ಎಮ್ಮೆ ಎಂದು ಹೆಸರು. ಬೂದು ಬಣ್ಣ, ನಿಧಾನದ ನಡಿಗೆ, ಹತ್ತು ಸಲ ಕರೆದರೆ ಒಂದು ಸಲ ಓಗೊಡುವ ಎಂಜಿನ್ನು. ಇಪ್ಪತ್ತಾರು ವರ್ಷದ ಗಾಡಿ. ವಿಮೆಯವನು ಎರಡು ದಿನ ಬಿಟ್ಟು ಬಂದ. ಬೂಟು ಮಿರಮಿರ ಮಿಂಚುತ್ತಿದ್ದ ಎಳೆ ಹುಡುಗ, ಮಾತು ಮೆತ್ತಗೆ. ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಮೊಣಕಾಲೂರಿ ಫೋಟೋ ಹೊಡೆದು, "ಟೋಟಲ್ ಲಾಸ್ ಯಜಮಾನ್ರೆ" ಎಂದ.

"ಎಂಜಿನ್ ಓಡುತ್ತಲ್ಲಪ್ಪ?"

"ಓಡುತ್ತೆ. ಆದ್ರೆ ನಮ್ಮ ಲೆಕ್ಕದಲ್ಲಿ ಗಾಡಿ ಇಲ್ಲ. ಗಾಡಿಯ ಬೆಲೆಗಿಂತ ರಿಪೇರಿ ದೊಡ್ಡದಾಗುತ್ತೆ. ಶನಿವಾರ ಗುಜರಿಯವರು ಬರ್ತಾರೆ, ಇಲ್ಲಿ ಸಹಿ ಹಾಕಿಟ್ಟಿದ್ರೆ ಎಳ್ಕೊಂಡು ಹೋಗ್ತಾರೆ. ಇಟ್ಕೊಳ್ತೀವಿ ಅಂದ್ರೆ ನಿಮ್ಮಿಷ್ಟ, ನಮ್ಮಿಂದ ದುಡ್ಡೇನೂ ಬರಲ್ಲ."

"ಕಣ್ಣೆದುರಿಗೆ ನಿಂತಿರೋದು ಲೆಕ್ಕದಲ್ಲಿ ಇಲ್ಲ ಅಂದ್ರೆ ಹೆಂಗಪ್ಪಾ" ಎಂದು ಅವನು ಕಾಗದ ತೆಗೆದುಕೊಂಡು ಅಂಗಡಿಯ ಡ್ರಾಯರಿನಲ್ಲಿ ಬಾಚಣಿಗೆಗಳ ಕೆಳಗೆ ಇಟ್ಟ.

ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಹಗುರವಾಗಿತ್ತು. ಹೆಂಡತಿಯ ಅಕ್ಕ ಇದ್ದದ್ದು ಎರಡು ಗುಡ್ಡ ಆಚೆ, ಕೆರೆಯ ಪಕ್ಕದ ಊರಿನಲ್ಲಿ. ಹಿಂದಿನ ತಿಂಗಳು ಫೋನಿನಲ್ಲಿ "ನಾನೇ ಕಾರು ಓಡಿಸ್ಕೊಂಡು ಬರ್ತೀನಿ ಕಣೇ" ಎಂದು ಇವಳು, "ನೀನು? ನೀನು ಬಂದ ದಿನ ನಾನು ರೆಕ್ಕೆ ಕಟ್ಕೊಂಡು ಹಾರ್ತೀನಿ ಬಿಡು" ಎಂದು ಅವಳು. ಅಂದಿನಿಂದ ಅವನ ಕನಸಿನಲ್ಲಿ ಗುಡ್ಡದ ತಿರುವುಗಳೇ ಬರುತ್ತಿದ್ದವು. ಇನ್ನು ಆ ಭಯವಿಲ್ಲ.

ಹೆಂಡತಿ ಮಾತ್ರ ಕಾರಿನ ಕೀಲಿಯನ್ನು ಹಿಟ್ಟಿನ ಡಬ್ಬಿಯ ತಳಕ್ಕೆ ಹಾಕಿ ಮುಚ್ಚಳ ಬಿಗಿದಿದ್ದಳು. ಅಕ್ಕನ ಫೋನು ಬಂದರೆ "ಕೈಯಲ್ಲಿ ಕೆಲಸ ಇದೆ" ಎನ್ನುತ್ತಿದ್ದಳು. ಬೆಳಗ್ಗೆ ಪಾತ್ರೆ ಉಜ್ಜುವಾಗ ಅವಳು ಗುನುಗುವುದಿತ್ತು. ಅಂಗಡಿಯ ಹಿಂದಿನ ಬಾಗಿಲಿನಿಂದ ಅದು ತೇಲಿಬಂದು ಗಿರಾಕಿಗಳಿಗೂ ಕೇಳಿಸುತ್ತಿತ್ತು. ಈಗ ಪಾತ್ರೆಗಳ ಸದ್ದು ಮಾತ್ರ.

ಶುಕ್ರವಾರ ಮಧ್ಯಾಹ್ನ, ಗುಜರಿಯವರು ಬರುವ ಮುಂಚೆ ಸಾಮಾನು ತೆಗೆದಿಡೋಣವೆಂದು ಅವನು ಕಾರಿನ ಬಾಗಿಲು ತೆಗೆದ. ಸೀಟಿನ ಮೇಲೆ ಅವಳೇ ಹೊಲಿದುಕೊಂಡ ದಪ್ಪ ದಿಂಬು, ಎತ್ತರ ಸಾಲದು ಎಂದು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ನಾಲ್ಕು ಮಡಿಕೆಯ ಹಾಳೆ. ಅವಳ ದೊಡ್ಡ ದೊಡ್ಡ ಅಕ್ಷರ. 'ಹಂಚಿನ ಕಾರ್ಖಾನೆ, ಎಡಕ್ಕೆ. ಸೇತುವೆ, ನಿಧಾನ. ಮೊದಲ ಗುಡ್ಡ, ಎರಡನೇ ಗೇರು. ಎರಡನೇ ಗುಡ್ಡ, ಹೆದರಬೇಡ. ಅಕ್ಕನ ಬಾಗಿಲು, ಹಾರ್ನು ಎರಡು ಸಲ.'

'ಹೆದರಬೇಡ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಳು.

ಅವನು ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಚಿಟ್ಟು ಬಾಗಿಲು ಹಾಕಿದ. ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಮೀಸೆ ಮೆಕ್ಯಾನಿಕ್ಕನ ಹತ್ತಿರ ಹೋದ. ಕಿವಿಯ ತನಕ ತಿರುಗಿಸಿಬಿಟ್ಟ ಮೀಸೆಯ ಆಸಾಮಿ. ಅದನ್ನು ಟ್ರಿಮ್ ಮಾಡುವ ಹಕ್ಕು ಇವನೊಬ್ಬನಿಗೇ ಇತ್ತು. ಬಂದು ಕಾರು ನೋಡಿದವನೇ ನಗತೊಡಗಿದ.

"ಅಣ್ಣ, ಈ ಎಮ್ಮೆ ಮತ್ತೆ ರಸ್ತೆಗಿಳಿದ್ರೆ ನನ್ನ ಅರ್ಧ ಮೀಸೆ ನಿನ್ನ ಕತ್ತಿಗೆ."

"ಯಾವ ಅರ್ಧ?"

"ನಿಂಗೆ ಇಷ್ಟ ಬಂದದ್ದು ತಗೋ."

ಶನಿವಾರ ಗುಜರಿಯವರು ಬಂದರು. "ಸಹಿ ಆಗಿಲ್ಲ" ಎಂದು ಕಳಿಸಿದ. ಅಂದೇ ಮೀಸೆ ಮೆಕ್ಯಾನಿಕ್ಕು ಮನೆಯ ಪಕ್ಕದ ಓಣಿಯಲ್ಲಿ ಕೆಲಸ ಶುರು ಮಾಡಿದ. ಅವಳ ಬಾಯಿಂದ ಎಲ್ಲರಿಗೂ ಗೊತ್ತಿದ್ದ ಕಥೆ ಒಂದೇ: ನಾಯಿ ತಪ್ಪಿಸಲು ಹೋಗಿ ಕಾರು ಕಟ್ಟೆಗೆ ಉಜ್ಜಿ, ಆಮೇಲೆ ಕಂಬಕ್ಕೆ ಬಡಿದದ್ದು. ಅದರಂತೆ ಕಂಬದ ಪೆಟ್ಟನ್ನೇ ಮೊದಲು ಹಿಡಿದ. ಇತ್ತ ಎಳೆದರೆ ಅತ್ತ ಉಬ್ಬಿತು. ಉಬ್ಬನ್ನು ಬಡಿದರೆ ಬಾಗಿಲು ಕಚ್ಚಿಕೊಂಡಿತು. ಸೋಮವಾರದ ಹೊತ್ತಿಗೆ ಮಡ್‌ಗಾರ್ಡು ಮೊದಲಿಗಿಂತ ಕೆಟ್ಟು ಕೂತಿತ್ತು.

"ತಗಡಿಗೂ ಹಟ ಬಂದಿದೆ ಅಣ್ಣ. ವಿಮೆಯವನು ಹೇಳಿದ್ದೇ ಸರಿ. ನಾಳೆ ಆ ಗುಜರಿಯವರಿಗೆ ಫೋನ್ ಮಾಡು."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. ಅವಳ ಕೈಯಲ್ಲಿ ಒಂದು ಮರದ ಕೊಡತಿ, ಹಿಡಿಕೆ ಸವೆದು ನುಣ್ಣಗಾಗಿತ್ತು. ಅವಳಪ್ಪ ತಗಡಿನ ಕೆಲಸದವರು. ಬಕೀಟು, ಆಲಿಕೆ, ಡಬ್ಬಿ ಮಾಡುತ್ತಲೇ ಐದು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದವರು. ಅವರ ಕೈಯಿಂದ ಇವಳಿಗೆ ಬಂದದ್ದು ಆ ಕೊಡತಿ ಒಂದೇ.

"ಮೂರು ದಿನದಿಂದ ಕೇಳ್ತಾ ಇದೀನಿ, ಇನ್ನು ನನ್ ಕೈಲಾಗಲ್ಲ" ಎಂದಳು. "ತಗಡು ಗೋಳಾಡ್ತಾ ಇದೆ ಕಣಪ್ಪಾ. ನೀನು ಹಿಂದುಮುಂದಾಗಿ ಬಿಡಿಸ್ತಾ ಇದೀಯ."

"ಹಂಗಂದ್ರೆ ಅಕ್ಕ?"

"ಕೊನೆಗೆ ಬಿದ್ದ ಏಟು ಮೊದಲು ಬಿಡಿಸ್ಬೇಕು. ಮೊದಲು ಬಿದ್ದದ್ದು ಕೊನೆಗೆ. ನಮ್ಮಪ್ಪ ಸೊಟ್ಟಾದ ಪಾತ್ರೆ ಯಾರಾದ್ರೂ ತಂದ್ರೆ, ಹೆಂಗೆ ಬಿತ್ತು ಅಂತ ಕೇಳ್ದೆ ಕೈ ಹಾಕ್ತಿರ್ಲಿಲ್ಲ."

"ಅದನ್ನೇ ತಾನೆ ನಾನೂ ಮಾಡ್ತಿರೋದು! ಮೊದಲು ಕಟ್ಟೆ, ಆಮೇಲೆ ಕಂಬ. ಅದಕ್ಕೇ ಕಂಬದ್ದು ಮೊದಲು ಎತ್ತಿದೆ. ನೀನೇ ಹೇಳಿದ್ದಲ್ವಾ ಅಕ್ಕ, ನಾಯಿ ಬಂತು ಅಂತ?"

ಅವಳು ಕೊಡತಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಗಂಡನಿಗೆ ಆ ಬೆಳಗಿನ ಸದ್ದು ನೆನಪಾಯಿತು: 'ಧಡ್' ಮೊದಲು, 'ಕರ್ರ್' ಆಮೇಲೆ. ಇಷ್ಟು ದಿನ ಅದನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದ. ಮೆಟ್ಟಿಲ ಮೇಲಿನ ನಾಯಿಯನ್ನೇ ನೋಡುತ್ತ ನಿಂತ.

"ಮೊದಲು ಕಂಬ" ಎಂದಳು ಹೆಂಡತಿ. "ಗಾಬರಿಗೆ ರಿವರ್ಸ್ ಹಾಕಿ ಸ್ಟೀರಿಂಗ್ ತಿರುಗಿಸ್ದೆ, ಅದೇ ಮಗ್ಗುಲು ಕಟ್ಟೆಗೆ ಉಜ್ತು. ನಾಯಿ ಇರ್ಲಿಲ್ಲ."

"ಮತ್ತೆ ಏನಿತ್ತು?"

"ತಿರುವಿನಲ್ಲಿ ಆ ಕನ್ನಡಕದ ಅಂಗಡಿಗೆ ಹೊಸ ಗಾಜು ಹಾಕಿದಾರಲ್ಲ, ನೆಲದಿಂದ ಸೂರಿನ ತನಕ? ಅದ್ರ ಮೇಲೆ ಬಿಸಿಲು ಬಿದ್ದಿತ್ತು. ಒಳಗೆ ಯಾರೋ ಹೆಂಗಸು ಗಾಡಿ ಓಡಿಸ್ಕೊಂಡು ಹೋಗ್ತಾ ಇದ್ಲು. ಬೆನ್ನು ಹಿಂಗೆ ನೆಟ್ಟಗೆ. ಅಬ್ಬಾ, ಯಾರಪ್ಪ ಇವ್ಳು ಎಷ್ಟು ಚೆನ್ನಾಗಿ ಓಡಿಸ್ತಾಳೆ ಅಂತ ನೋಡ್ದೆ. ನೋಡಿದ್ರೆ ನಾನೇ! ಇನ್ನೊಂದ್ಸಲ ನೋಡೋಣ ಅಂತ ತಿರುಗ್ದೆ, ಅಷ್ಟರಲ್ಲಿ ಕಂಬ ಬಂತು."

"ಕಂಬ ಬಂತಾ ಅಕ್ಕ? ನಡ್ಕೊಂಡು ಬಂತಾ, ಓಡ್ಕೊಂಡು ಬಂತಾ?" ಮೀಸೆಯವನು ನಗು ತಡೆಯಲಾರದೆ ಕಾರಿನ ಬಾನೆಟ್ಟಿಗೆ ಒರಗಿಬಿಟ್ಟ. ಅವಳಿಗೂ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ಕೊಡತಿ ಕೆಳಗೆ ಬಿತ್ತು.

ಗಂಡ ನಗಲಿಲ್ಲ. ನಲವತ್ತು ವರ್ಷ ಜನರನ್ನು ಕನ್ನಡಿಯ ಮುಂದೆ ಕೂರಿಸಿದವನು ಅವನು. ಬಟ್ಟೆ ಒದರಿ "ನೋಡಿ" ಎಂದಾಗ ತಮ್ಮ ಮುಖ ತಮಗೇ ಒಪ್ಪಿದವರ ಕಣ್ಣು ಹೇಗಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದೇ ಅಂಗಡಿಯ ಹಿಂದೆ ಸಂಸಾರ ಮಾಡಿದ ಹೆಂಡತಿ ಆ ಕನ್ನಡಿಯನ್ನು ಒರೆಸುವುದಕ್ಕೆ ಬಿಟ್ಟು ಇನ್ನಾವುದಕ್ಕೂ ನೋಡಿದ್ದು ಅವನಿಗೆ ನೆನಪಾಗಲಿಲ್ಲ.

"ಹೆಂಗಿದ್ದೆ?" ಎಂದು ಕೇಳಿದ.

ಅವಳು ಕಣ್ಣೊರೆಸಿಕೊಂಡು ಅವನ ಕಡೆ ನೋಡಿದಳು.

"ಚೆನ್ನಾಗಿದ್ದೆ ರೀ."

ಆಮೇಲೆ ಕೆಲಸ ಸಲೀಸಾಯಿತು. ಕಟ್ಟೆಯ ಏಟು ಮೊದಲು. ಮೀಸೆಯವನು ಒಳಗಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡಿದ, ಹೊರಗಿನಿಂದ ಅವಳು ಕೊಡತಿಯಲ್ಲಿ ತಟ್ಟಿದಳು. ಬಡಿಯುವುದಲ್ಲ, ಮಗುವನ್ನು ಮಲಗಿಸುವವರು ಬೆನ್ನು ತಟ್ಟುವ ಹಾಗೆ. ಹತ್ತು ಸಲ ತಟ್ಟಿದರೆ ಒಂದು ಸಲ ಕಿವಿಯಿಟ್ಟು ಕೇಳುತ್ತಿದ್ದಳು. 'ಡಬ್' ಎಂದರೆ ಇನ್ನೂ ನೋವಿದೆ ಎಂದು ಅರ್ಥವಂತೆ, 'ಠಣ್' ಎಂದರೆ ಬಿಟ್ಟುಕೊಟ್ಟಿತು. ಮಂಗಳವಾರ ಸಂಜೆಗೆ ಕಟ್ಟೆ ಬಿಟ್ಟಿತು, ಬುಧವಾರ ಮಧ್ಯಾಹ್ನಕ್ಕೆ ಕಂಬ. ಇನ್ನಾವುದೋ ಗಾಡಿಯಿಂದ ಬಿಚ್ಚಿದ ಹೆಡ್‌ಲೈಟು ಕೂರಿಸಿದರು; ಅದು ಕೊಂಚ ಹೊರಗೆ ಉಬ್ಬಿ ಎಮ್ಮೆಗೆ ಒಂದು ಕಣ್ಣು ದೊಡ್ಡದಾಯಿತು. ಬಣ್ಣವೂ ಸರಿಹೊಂದಲಿಲ್ಲ. ಬಾಗಿಲು ಮಾತ್ರ ಒಂದೇ ಬೆರಳಿಗೆ ಮುಚ್ಚಿತು.

ಅವಳು ಒಳಗೆ ಹೋಗಿ ಹಿಟ್ಟಿನ ಡಬ್ಬಿಗೆ ಮೊಣಕೈ ತನಕ ಕೈ ಹಾಕಿದಳು. ಆ ಸಂಜೆ ಬೆಳ್ಳಗಾದ ಕೈಯಲ್ಲೇ ಅಕ್ಕನಿಗೆ ಫೋನು ಮಾಡಿದಳು. "ರೆಕ್ಕೆ ಹೊಲಿಸಿಟ್ಕೋ. ನಾಳೆ ಬರ್ತಾ ಇದೀನಿ."

ಮರುದಿನ ಬೆಳಗ್ಗೆ ಮೀಸೆಯವನು ತಾನಾಗಿಯೇ ಬಂದು ಕುರ್ಚಿಯಲ್ಲಿ ಕೂತ. "ಮಾತು ಅಂದ್ರೆ ಮಾತು, ತೆಗಿ ಅಣ್ಣ."

"ತೆಗೀಬೇಡಿ ರೀ" ಎಂದಳು ಅವಳು ಬಾಗಿಲಲ್ಲಿ ನಿಂತು. "ಆಮೇಲೆ ಜನ ಇವನನ್ನ ಏನಂತ ಕರೀಬೇಕು?"

"ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಹಾಗಾಗ್ಬಾರ್ದು ಅಕ್ಕ. ನೀನು ಹೊರಡು."

ಗಂಡನಿಗೆ 'ಹುಷಾರು' ಎನ್ನುವ ಮಾತು ಗಂಟಲ ತನಕ ಬಂತು. "ಎರಡನೇ ಗುಡ್ಡ..." ಎಂದು ಶುರುಮಾಡಿ ನಿಲ್ಲಿಸಿದ.

"ಗೊತ್ತು" ಎಂದಳು ಅವಳು.

ನೊರೆ ಹಚ್ಚಿ ಕತ್ತಿ ಎತ್ತುವಷ್ಟರಲ್ಲಿ ಹೊರಗೆ ಹಾರ್ನು ಎರಡು ಸಲ ಕೂಗಿತು. ಇಬ್ಬರೂ ಬಾಗಿಲಿಗೆ ಬಂದರು, ಒಬ್ಬನ ಮೂಗಿನ ಕೆಳಗೆ ನೊರೆ, ಇನ್ನೊಬ್ಬನ ಕೈಯಲ್ಲಿ ಕತ್ತಿ. ನಾಯಿ ಎದ್ದು ದಾರಿ ಬಿಟ್ಟಿತು. ಎಮ್ಮೆ ನಿಧಾನವಾಗಿ ಬೀದಿ ಹಿಡಿದು ತಿರುವಿಗೆ ಹೋಯಿತು. ಕನ್ನಡಕದ ಅಂಗಡಿಯ ಗಾಜಿನ ಮುಂದೆ ಹಿಂದಿನ ಕೆಂಪು ದೀಪ ಒಮ್ಮೆ ಹೊತ್ತಿತು. ಕಾರು ನಿಂತಿತು, ಇಷ್ಟೇ ಇಷ್ಟು ಹೊತ್ತು. ಆಮೇಲೆ ದೀಪ ಆರಿ, ಕಂಬಕ್ಕೆ ಮೊಳ ದೂರ ಬಿಟ್ಟು, ಎಡಕ್ಕೆ ತಿರುಗಿತು.

ಅವನು ಒಳಗೆ ಬಂದು ಡ್ರಾಯರು ಎಳೆದು, ಬಾಚಣಿಗೆಗಳ ಕೆಳಗಿದ್ದ ವಿಮೆಯ ಕಾಗದ ತೆಗೆದು, ಮೀಸೆಯ ಒಂದು ಅರ್ಧಕ್ಕೆ ಕತ್ತಿ ಎಳೆದು, ಮೊದಲ ನೊರೆಯನ್ನು ಆ ಕಾಗದಕ್ಕೆ ಒರೆಸಿದ.

ಅವಳು ಹೋದದ್ದು ಗುರುವಾರ, ಬೆಳಗಿನ ಎಂಟಕ್ಕೆ, ಒಬ್ಬಳೇ.