ಮುನ್ನೂರ ಹನ್ನೆರಡು ಅಡಿ

ಬಿಳಿ ಕೈಗವಸು ವೆಂಡೆಲ್‌ನ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದ. ಹೊಲಿಗೆ ಚರ್ರೆಂದಿತು.

"ಹರೀಬೇಡ ಮಾರಾಯ, ಬಾಡಿಗೇದು ಅದು," ಅಂದ ಡ್ವೇನ್.

ಡ್ವೇನ್ ಗಾಳದ ಸಾಮಾನಿನ ಅಂಗಡಿಯವನು. ಅವನ ಅಂಗಡಿಯ ಮೂಲೆಯಲ್ಲಿ ಕೂತೇ ನಾರ್ಬರ್ಟ್ ಕುಶಾಯ್ ಮೂವತ್ತೊಂದು ಚಳಿಗಾಲ ಊರವರ ರೀಲುಗಳಿಗೆಲ್ಲ ದಾರ ಸುತ್ತಿ ಕೊಟ್ಟಿದ್ದ. ಈಗ ಚರ್ಚಿನ ಹೊರಕೋಣೆಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ ಮಲಗಿದ್ದ. ಪೆಟ್ಟಿಗೆ ಹೊರಲು ಆರು ಜನ ಬೇಕಿತ್ತು. ವೆಂಡೆಲ್, ಡ್ವೇನ್, ನಾರ್ಬರ್ಟ್‌ನ ಪಕ್ಕದ ಮನೆಯ ಲೆಸ್ಟರ್, ಈ ಮೂವರು ಬಂದಿದ್ದರು. ಉಳಿದ ಮೂವರನ್ನು ಶವಸಂಸ್ಕಾರದ ಕಂಪನಿಯವರು ತಮ್ಮ ಕಡೆಯಿಂದ ಕೊಟ್ಟಿದ್ದರು.

"ಒಪ್ಪಿಕೊಂಡೋರು ಹನ್ನೊಂದು ಜನ," ಅಂದ ಡ್ವೇನ್. "ಆರು ದಿನದಿಂದ ಬೀಸ್ತಿದ್ದ ಗಾಳಿ ಇವತ್ತೇ ನಿಲ್ಲಬೇಕಾ? ಬೆಳಿಗ್ಗೆ ಐದಕ್ಕೆ ಎಲ್ಲರೂ ಕೊಲ್ಲಿಗಿಳಿದಿದ್ದಾರೆ. ಇವನು ಸುತ್ತಿ ಕೊಟ್ಟ ದಾರಾನೇ ನೀರಿಗೆ ಬಿಟ್ಕೊಂಡು ಕೂತಿರ್ತಾರೆ."

"ಬೈಬೇಡ," ಅಂದ ಲೆಸ್ಟರ್. "ಮೇ ತಿಂಗಳಲ್ಲಿ ನೀರು ಹೀಗೆ ಮಲಗಿದ್ರೆ ಇವನೂ ಯಾರ ಮಣ್ಣಿಗೂ ಹೋಗ್ತಿರಲಿಲ್ಲ. ಅದಿರಲಿ, ಈ ವರ್ಷ ನಾನು ಹೆಣೆದ ದಾರಕ್ಕೆ ಬದಲಾಯಿಸ್ತೀನಿ. ನೈಲಾನ್ ಸಾಕಾಯ್ತು."

"ಮೆಲ್ಲಗೆ ಹೇಳು. ಮುಚ್ಚಳ ತೆಗೆದು ಎದ್ದು ಬಂದಾನು."

ನಡಿಗೆಯ ಚೌಕಟ್ಟು ಟಕ್ ಟಕ್ ಎಂದು ನೆಲಕ್ಕೆ ಊರುತ್ತ ಬರ್ನಡೀನ್ ಒಳಗೆ ಬಂದಳು. ನಾರ್ಬರ್ಟ್‌ನ ಅಕ್ಕ, ಎಂಬತ್ತೊಂದು ವರ್ಷ. ಅವನಿಗೆ ಬೇರೆ ಯಾರೂ ಇರಲಿಲ್ಲ.

"ನಿಮ್ಮ ದಾರದ ಪುರಾಣ ಮುಗೀತಾ? ಪಾದ್ರಿಗಳು ಕಾಯ್ತಿದ್ದಾರೆ." ನಂತರ ವೆಂಡೆಲ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಂದ್ಯಲ್ಲ."

"ಬಂದೆ ಬರ್ನಡೀನ್. ನಿಮ್ಮ ಹತ್ರ ಒಂದು ಮಾತು…"

"ಆಮೇಲೆ. ಮೊದಲು ಎತ್ತು."

ಒಂಬತ್ತು ವರ್ಷದಿಂದ ವೆಂಡೆಲ್ ನಾರ್ಬರ್ಟ್‌ನ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ನಿನ್ನೆ ಅವಳು ಫೋನ್ ಮಾಡಿದಾಗ ಒಪ್ಪಿಕೊಂಡಿದ್ದು ಒಂದೇ ಕಾರಣಕ್ಕೆ. ನಾರ್ಬರ್ಟ್‌ಗೆ ಹೇಳಬೇಕಾಗಿದ್ದ ಒಂದು ತಪ್ಪು ಹೇಳದೆ ಉಳಿದುಹೋಗಿತ್ತು. ಅದನ್ನು ಕೇಳಿಸಿಕೊಳ್ಳುವ ಹಕ್ಕು ಇನ್ನು ಇದ್ದದ್ದು ಇವಳೊಬ್ಬಳಿಗೆ. ಮಣ್ಣಾಗುವ ಮೊದಲು ಹೇಳಿಬಿಡಬೇಕೆಂದು ಅವನು ರಾತ್ರಿಯೆಲ್ಲ ಆ ವಾಕ್ಯವನ್ನು ಜೋಡಿಸಿಕೊಂಡಿದ್ದ.

ಪೆಟ್ಟಿಗೆ ಅವನು ಎಣಿಸಿದ್ದಕ್ಕಿಂತ ಹಗುರವಾಗಿತ್ತು.

*

ಮೂವತ್ತು ವರ್ಷದ ಹಿಂದೆ ವೆಂಡೆಲ್ ಆ ಅಂಗಡಿಗೆ ಮೊದಲ ಸಲ ಹೋದಾಗ, ಮೂಲೆಯ ಸುತ್ತುಯಂತ್ರದ ಮುಂದೆ ತೆಳ್ಳಗಿನ ಮನುಷ್ಯನೊಬ್ಬ ಕೂತಿದ್ದ. ಹಗಲು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬೀಟ್ ಗಡ್ಡೆಯ ರಸ ಅಳೆಯುವ ಕೆಲಸ, ಸಂಜೆ ಇದು.

"ಅಂಗಡೀಲಿರೋದ್ರಲ್ಲಿ ಅತಿ ಗಟ್ಟಿ ದಾರ ಸುತ್ತಿ ಕೊಡಿ," ಅಂದ ವೆಂಡೆಲ್.

"ಏನು ಹಿಡೀತೀರಿ? ಕುದುರೇನಾ?"

"ವಾಲೈ ಮೀನು. ದೋಣಿ ಹಿಂದೆ ಎಳ್ಕೊಂಡು ಹೋಗ್ತೀನಿ."

"ವಾಲೈ ತೂಕ ಮೂರು ಪೌಂಡು, ನಾಲ್ಕು ಪೌಂಡು. ದಪ್ಪ ದಾರ ನೀರನ್ನ ತಳ್ಳುತ್ತೆ. ಕಟ್ಟಿದ ಹುಸಿಮೀನು ಕೆಳಗಿಳಿಯೋದೇ ಇಲ್ಲ."

"ಹಾಗಾದ್ರೆ ಹೊಸದಾಗಿ ಬಂದಿರೋ ಹೆಣೆದದ್ದು ಕೊಡಿ. ಸಣ್ಣಗಿರುತ್ತೆ, ಗಟ್ಟೀನೂ ಇರುತ್ತೆ."

ನಾರ್ಬರ್ಟ್ ಕನ್ನಡಕ ಮೇಲೇರಿಸಿ ವೈದ್ಯನ ಹಾಗೆ ಅವನ ಕೈ ನೋಡಿದ. "ಮೀನು ಕಚ್ಚಿದ ತಕ್ಷಣ ಏನ್ಮಾಡ್ತೀರಿ?"

"ಎಳೀತೀನಿ. ಮತ್ತೇನು, ಪ್ರಾರ್ಥನೆ ಮಾಡ್ಲಾ?"

"ಅದೇ ತೊಂದರೆ. ಹೆಣೆದ ದಾರ ಒಂದಿಷ್ಟೂ ಹಿಗ್ಗಲ್ಲ. ನೀವು ಎಳೆದ ಏಟಿಗೆ ಮೀನಿನ ಬಾಯಿ ಹರಿದು ಗಾಳ ವಾಪಸ್ ಬರುತ್ತೆ. ನಿಮಗೆ ನೈಲಾನೇ ಸರಿ, ಹತ್ತು ಪೌಂಡಿಂದು. ಅದು ಹಿಗ್ಗುತ್ತೆ. ನಿಮ್ಮ ತಪ್ಪನ್ನ ಸ್ವಲ್ಪ ತಾನೇ ತಡ್ಕೊಳ್ಳುತ್ತೆ."

ಮುಂದಿನ ಬೇಸಿಗೆಯಿಂದ ಇಬ್ಬರೂ ಒಂದೇ ದೋಣಿಯಲ್ಲಿ ಹೋಗತೊಡಗಿದರು. ಕಾನೂನಿನ ಪ್ರಕಾರ ತಲೆಗೆ ಮೂರು ಗಾಳದ ಕೋಲು. ದೋಣಿಯ ಎಡಬದಿ ವೆಂಡೆಲ್‌ನದು, ಬಲಬದಿ ನಾರ್ಬರ್ಟ್‌ನದು. ಪ್ರತಿ ದಾರಕ್ಕೂ ಅದನ್ನು ದೋಣಿಯಿಂದ ದೂರಕ್ಕೆ, ಪಕ್ಕಕ್ಕೆ ಒಯ್ಯುವ ಪುಟ್ಟ ತೇಲುಹಲಗೆ. ರೀಲಿನ ಮೇಲೆ ಎಷ್ಟು ಅಡಿ ದಾರ ಹೊರಹೋಯಿತೆಂದು ತೋರಿಸುವ ಅಂಕಿ. ಪ್ರತಿ ಏಪ್ರಿಲ್‌ನಲ್ಲಿ ನಾರ್ಬರ್ಟ್ ಆರೂ ರೀಲುಗಳಿಗೆ ಒಂದೇ ದಿನ, ಒಂದೇ ಉಂಡೆಯಿಂದ, ಒಂದೇ ಎತ್ತರಕ್ಕೆ ಹೊಸ ದಾರ ಸುತ್ತುತ್ತಿದ್ದ. ಯಾಕೆಂದರೆ ಆ ಅಂಕಿ ದಾರವನ್ನು ಅಳೆಯುವುದಿಲ್ಲ. ರೀಲು ಎಷ್ಟು ಸುತ್ತು ತಿರುಗಿತೆಂದು ಎಣಿಸುತ್ತದೆ, ಅಷ್ಟೆ. ತುಂಬಿದ ರೀಲಿನ ಒಂದು ಸುತ್ತಿಗೆ ಹೆಚ್ಚು ದಾರ ಬಿಚ್ಚಿಕೊಳ್ಳುತ್ತದೆ, ಬರಿದಾದ ರೀಲಿನ ಸುತ್ತಿಗೆ ಕಡಿಮೆ.

"ಆರೂ ಸೇರಿ ಒಂದೇ ಸುಳ್ಳು ಹೇಳಿದ್ರೆ ಚಿಂತೆಯಿಲ್ಲ," ಅನ್ನುತ್ತಿದ್ದ ನಾರ್ಬರ್ಟ್. "ಒಂದು ಮಾತ್ರ ಬೇರೆ ಸುಳ್ಳು ಹೇಳಬಾರದು."

*

ಸ್ಮಶಾನದಲ್ಲಿ ಹತ್ತೊಂಬತ್ತು ಜನರಿದ್ದರು, ಕಂಪನಿಯವರನ್ನೂ ಸೇರಿಸಿದರೆ. ಪಾದ್ರಿ ಪೋಲಿಷ್ ಭಾಷೆಯಲ್ಲಿ ಒಂದು ಸಾಲು ಹಾಡಿದರು. ದನಿಗೂಡಿಸಲು ಬರ್ನಡೀನ್ ಒಬ್ಬಳೇ ಇದ್ದಳು. ವೆಂಡೆಲ್ ಅವಳ ಕುರ್ಚಿಯ ಪಕ್ಕ ಹೋಗಿ ನಿಂತ.

"ಬರ್ನಡೀನ್…"

"ಶ್ಶ್," ಅಂದಳು. ಪೆಟ್ಟಿಗೆ ಇಳಿಯುತ್ತಿತ್ತು.

ಪೆಟ್ಟಿಗೆ ಹೊತ್ತ ಪಟ್ಟಿಗಳು ಸಮನಾಗಿ ಸಡಿಲಾಗುತ್ತಿದ್ದವು. ಕಂಪನಿಯ ಹುಡುಗಿಯೊಬ್ಬಳು ಕಾಲಿನಿಂದ ಇಳಿಸುವ ಯಂತ್ರದ ಸನ್ನೆಕೋಲು ಒತ್ತಿ ಹಿಡಿದು, ಇನ್ನೊಂದು ಕಡೆ ನೋಡುತ್ತ ಆಕಳಿಸಿದಳು. ಪೆಟ್ಟಿಗೆ ತಳ ಮುಟ್ಟಿದ ಸದ್ದು ಕೇಳಿಸಿತು.

*

ಒಂಬತ್ತು ವರ್ಷದ ಹಿಂದಿನ ಜೂನ್. ಕೊಲ್ಲಿಯ ವಾಲೈ ಪಂದ್ಯದ ಹಿಂದಿನ ಸಂಜೆ.

"ನಾಳೆವರೆಗೂ ಕೋಲು ಮುಟ್ಟಬೇಡ," ಎಂದು ನಾರ್ಬರ್ಟ್ ಹೇಳಿ ಹೋಗಿದ್ದ. ವೆಂಡೆಲ್‌ಗೆ ತಡೆಯಲಾಗಲಿಲ್ಲ. ಒಬ್ಬನೇ ದೋಣಿ ತೆಗೆದುಕೊಂಡು ಹೋಗಿ ಒಂದು ದಾರ ಬಿಟ್ಟು ನೋಡಿದ. ತಿರುಗುವಾಗ ಅದು ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಂಡಿತು. ಕತ್ತರಿಸಿ ಎಸೆದ. ಎಷ್ಟು ಹೋಯಿತೆಂದು ನೋಡಲಿಲ್ಲ. ತುದಿಗೆ ಹೊಸ ಹುಸಿಮೀನು ಕಟ್ಟಿ, ಏನೂ ಆಗದವನಂತೆ ಕೋಲನ್ನು ಅದರ ಜಾಗದಲ್ಲಿಟ್ಟ.

ಮರುದಿನ ಮೊದಲು ಬಾಗಿದ್ದು ಅದೇ ಕೋಲು. ಆರು ಪೌಂಡಿನ ಹೆಣ್ಣು ಮೀನು.

"ಎಷ್ಟರಲ್ಲಿ?" ಬಲಬದಿಯಿಂದ ನಾರ್ಬರ್ಟ್ ಕೂಗಿದ.

"ನೂರ ಹತ್ತು!"

ನಾರ್ಬರ್ಟ್ ತನ್ನ ಮೂರನ್ನೂ ನೂರ ಹತ್ತಕ್ಕೆ ಬಿಟ್ಟ. ಆಮೇಲೂ ಕಚ್ಚಿದ್ದು ಅದೊಂದಕ್ಕೇ. ಹತ್ತು ಗಂಟೆಯ ಹೊತ್ತಿಗೆ ವೆಂಡೆಲ್‌ನ ಕಣ್ಣು ಆ ರೀಲಿನ ಮೇಲೆ ಬಿತ್ತು. ದಾರ ಬೆರಳ ದಪ್ಪದಷ್ಟು ಕೆಳಗೆ ಕೂತಿತ್ತು. ಅಂಕಿ ನೂರ ಹತ್ತು ಅನ್ನುತ್ತಿದ್ದರೂ ನೀರಿಗೆ ಹೋಗಿದ್ದು ತೊಂಬತ್ತೈದೇ ಇರಬೇಕು. ದಾರ ಕಡಿಮೆಯಾದಷ್ಟೂ ಹುಸಿಮೀನು ಮೇಲೆ ಓಡುತ್ತದೆ. ವಾಲೈ ತನ್ನ ಮೇಲೆ ಹಾದುಹೋಗುವುದನ್ನು ನೋಡಿ ಏರಿಬರುವ ಮೀನು. ತನ್ನ ಹೊಟ್ಟೆಯಡಿಯಲ್ಲಿ ಹಾದುಹೋಗುವುದು ಅದಕ್ಕೆ ಕಾಣುವುದಿಲ್ಲ. ನಾರ್ಬರ್ಟ್‌ನ ಮೂರೂ ಹುಸಿಮೀನುಗಳು ವಾಲೈಗಳ ಕೆಳಗೆ ಓಡುತ್ತಿದ್ದವು.

ಹೇಳಲು ಒಂದು ನಿಮಿಷ ಸಾಕಿತ್ತು. ವೆಂಡೆಲ್ ತನ್ನ ಉಳಿದೆರಡು ದಾರಗಳನ್ನು ಸದ್ದಿಲ್ಲದೆ ತೊಂಬತ್ತೈದಕ್ಕೆ ಎಳೆದುಕೊಂಡ.

"ಈಗಲೂ ನೂರ ಹತ್ತಾ?" ನಾರ್ಬರ್ಟ್ ಕೇಳಿದ, ಹನ್ನೊಂದಕ್ಕೆ. ಮಧ್ಯಾಹ್ನಕ್ಕೆ ಇನ್ನೊಮ್ಮೆ.

"ಹೂಂ. ನೂರ ಹತ್ತು."

ಎಡಬದಿಗೆ ಏಳು ಮೀನು ಸಿಕ್ಕಿದವು. ಬಲಬದಿಗೆ ಒಂದೂ ಇಲ್ಲ. ಇನ್ನೊಂದೇ ಒಂದು ಮೀನು ಸಿಕ್ಕಿದ್ದರೆ ಅವರೇ ಮೊದಲು. ದಡಕ್ಕೆ ಬಂದ ಮೇಲೆ ನಾರ್ಬರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕ್ಷಮಿಸು ವೆಂಡೆಲ್. ನನ್ನ ಬದೀದನ್ನ ನಾನೇ ಸರಿಯಾಗಿ ಸುತ್ತಿಲ್ಲ. ನಿನ್ನ ದಿನ ಹಾಳು ಮಾಡಿದೆ. ಆರನ್ನೂ ಮನೆಗೊಯ್ದು ಬಿಚ್ಚಿ ನೋಡ್ತೀನಿ."

"ಹೋಗ್ಲಿ ಬಿಡು," ಅಂದಿದ್ದ ವೆಂಡೆಲ್. ಆ ಎರಡು ಪದದ ನಂತರ ನಾರ್ಬರ್ಟ್‌ನ ಮುಖ ನೋಡುವುದು ಅವನಿಂದಾಗಲಿಲ್ಲ. ಮುಂದಿನ ವಾರ ಸೊಂಟ ನೋವೆಂದ. ಅದರ ಮುಂದಿನ ವಾರ ಫೋನ್ ಎತ್ತಲಿಲ್ಲ.

*

ಚರ್ಚಿನ ನೆಲಮಾಳಿಗೆಯಲ್ಲಿ ಎಂಬತ್ತು ಜನಕ್ಕೆ ತಟ್ಟೆ ಹಾಕಿದ್ದರು. ಹಂದಿಮಾಂಸದ ಹೋಳು, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು, ಹುಳಿ ಎಲೆಕೋಸು. ಬಂದವರೆಲ್ಲ ಬಾಗಿಲ ಬಳಿಯ ಎರಡು ಮೇಜಿನಲ್ಲೇ ಹಿಡಿಸಿದ್ದರು. ಬರ್ನಡೀನ್ ಮಾತ್ರ ದೂರದ ಮೇಜಿನಲ್ಲಿ ಒಬ್ಬಳೇ ಕೂತು, ಬಳಸದ ಚಮಚಗಳಿಗೆ ಸುತ್ತಿದ್ದ ಕಾಗದದ ಕರವಸ್ತ್ರ ಬಿಡಿಸುತ್ತಿದ್ದಳು.

ವೆಂಡೆಲ್ ಎದುರಿಗೆ ಕೂತ. ಜೋಡಿಸಿಕೊಂಡ ವಾಕ್ಯ ನೆನಪಾಗಲಿಲ್ಲ. ಸುಮ್ಮನೆ ಹೇಳಿದ.

"ಆ ಪಂದ್ಯದ ದಿನ ತಪ್ಪು ನಾರ್ಬರ್ಟ್‌ದಲ್ಲ. ಹಿಂದಿನ ದಿನ ನಾನೇ ಒಂದು ರೀಲಿನ ದಾರ ಕತ್ತರಿಸಿದ್ದೆ. ಗೊತ್ತಾದ ಮೇಲೂ ಹೇಳಲಿಲ್ಲ. ಅವನಿಗೆ ಸುಳ್ಳು ಅಂಕಿ ಕೊಡ್ತಾ ಹೋದೆ. ಕೊನೇಲಿ ಅವನೇ ನನ್ನ ಹತ್ರ ಕ್ಷಮೆ ಕೇಳಿದ."

ಬರ್ನಡೀನ್ ಇನ್ನೊಂದು ಚಮಚ ಪಕ್ಕಕ್ಕಿಟ್ಟಳು.

"ಮುನ್ನೂರ ಹನ್ನೆರಡು," ಅಂದಳು.

"ಏನು?"

"ಅಡಿ. ನೀನು ಕತ್ತರಿಸಿದ್ದು. ಅವತ್ತೇ ಸಂಜೆ ಆರೂ ರೀಲಿನ ದಾರ ನಮ್ಮ ಅಡುಗೆಮನೆಯಿಂದ ಬೀದಿ ಬಾಗಿಲವರೆಗೆ ಬಿಚ್ಚಿ ಅಳೆದ, ಒಂದರಲ್ಲಿ ಅಷ್ಟು ಕಮ್ಮಿ. ಎರಡು ಸಲ. ನಾನು ದಾರ ದಾಟ್ಕೊಂಡು ಸೂಪ್ ಮಾಡಬೇಕಾಯ್ತು." ಅವಳು ಕನ್ನಡಕ ತೆಗೆದಳು. "ನನಗೇನು ಮೀನು ಗೊತ್ತಾ, ಮಣ್ಣು ಗೊತ್ತಾ? ಆದರೆ ಆ ಅಂಕಿ ಮಾತ್ರ ಮರೀಲಿಲ್ಲ."

"ಹಾಗಾದ್ರೆ ಅವನಿಗೆ ಗೊತ್ತಿತ್ತು."

"ಅವನಿಗೆ ಗೊತ್ತಾಗದೆ ಇರುತ್ತಾ? ಸಕ್ಕರೇನ ತೊಟ್ಟಿನ ಲೆಕ್ಕದಲ್ಲಿ ಅಳೆದವನು. ಫೋನ್ ಮಾಡಿ ಬೈಯೋ ಅಂದೆ. ‘ನಾನು ಮಾಡಿದ್ರೆ ಅವನ ಬಾಯಿಂದ ಕಿತ್ತುಕೊಂಡ ಹಾಗಾಗುತ್ತೆ ಅಕ್ಕ, ಬಂದಾಗ ಅವನೇ ಹೇಳ್ತಾನೆ’ ಅಂದ." ಕನ್ನಡಕ ಮತ್ತೆ ಹಾಕಿಕೊಂಡಳು. "ಇಷ್ಟು ಹೇಳೋಕೆ ಒಂಬತ್ತು ವರ್ಷ ಬೇಕಾಯ್ತಾ ನಿನಗೆ? ನೀನಿದ್ದದ್ದು ನಾಲ್ಕೇ ಬೀದಿ ದೂರ."

ಅವಳು ಒಂದು ಹಿಡಿ ಚಮಚ ಅವನ ಕಡೆ ತಳ್ಳಿದಳು. ಅವನು ಕರವಸ್ತ್ರ ಬಿಡಿಸತೊಡಗಿದ.

ಕಾಫಿ ಹಿಡಿದು ಲೆಸ್ಟರ್ ಬಂದ. "ಏನು, ಇಬ್ಬರೂ ಮುಖ ಹೀಗೆ ಮಾಡ್ಕೊಂಡಿದ್ದೀರಿ? ನಾರ್ಬರ್ಟ್ ಒಬ್ಬ ಕತ್ತೆ, ಬರ್ನಡೀನ್, ಬೇಜಾರು ಮಾಡ್ಕೋಬೇಡಿ. ಈ ಒಂಬತ್ತು ವರ್ಷದಲ್ಲಿ ನಾನು ಎಷ್ಟು ಸಲ ನನ್ನ ದೋಣಿಯಿಂದ ಕೂಗಿ ಹೇಳಿದೀನಿ! ಒಬ್ಬನೇ ಇರ್ತಿದ್ದ, ಮೂರು ಕೋಲು, ಮೂರೂ ಬಲಗಡೆಗೇ. ಹಲಗೆಗಳು ದೋಣೀನ ಬಲಕ್ಕೆ ಎಳೀತಿದ್ವು. ಅವನು ಚುಕ್ಕಾಣಿ ಎಡಕ್ಕೆ ಒತ್ತಿ ಹಿಡ್ಕೊಂಡು ದಿನವೆಲ್ಲ ಕೂರ್ತಿದ್ದ. ಮಣಿಕಟ್ಟಿಗೆ ಪಟ್ಟಿ ಬೇರೆ ಕಟ್ಕೊಂಡಿದ್ದ, ನೋವು ಅಂತ. ಒಂದನ್ನ ಎಡಕ್ಕೆ ಹಾಕೋ, ದೋಣಿ ನೆಟ್ಟಗೆ ಹೋಗುತ್ತೆ ಅಂದ್ರೆ, ಏನನ್ನಬೇಕು? ‘ಅದು ನನ್ನ ಬದಿ ಅಲ್ಲ’ ಅಂತಿದ್ದ!"

ಲೆಸ್ಟರ್ ನಕ್ಕ. ಯಾರೂ ನಗದಿದ್ದುದನ್ನು ಕಂಡು ಕಾಫಿ ಕಡೆ ನೋಡಿದ.

ವೆಂಡೆಲ್ ಮೆಟ್ಟಿಲು ಹತ್ತಿ ಹೊರಗೆ ಬಂದ. ಚರ್ಚಿನ ಹಿಂದಿನ ದಿಬ್ಬದಿಂದ ಕೊಲ್ಲಿ ಪೂರ್ತಿ ಕಾಣುತ್ತಿತ್ತು. ನೀರಿನ ಮೇಲೆ ಒಂದು ಸುಕ್ಕೂ ಇರಲಿಲ್ಲ. ನಲವತ್ತು, ಐವತ್ತು ದೋಣಿಗಳು, ಎಡಕ್ಕೂ ಬಲಕ್ಕೂ ಸಮನಾಗಿ ದಾರಗಳನ್ನು ಹರಡಿಕೊಂಡು, ಒಂದರ ಹಿಂದೊಂದು ಉತ್ತರಕ್ಕೆ ಹೋಗುತ್ತಿದ್ದವು, ನೆಟ್ಟಗೆ, ಬಹಳ ನಿಧಾನವಾಗಿ.