ಕುರ್ಚಿಯ ಮೇಲಿನ ಹಲಗೆ

ಆ ಬೀದಿಯ ಗಂಡಸರಿಗೆಲ್ಲ ಇದ್ದಕ್ಕಿದ್ದ ಹಾಗೆ ಗಡ್ಡ ಬಿಡುವ ಆಸೆ ಹುಟ್ಟಿತ್ತು. ಗಾಡಿಯವನು ಕ್ಷೌರದಂಗಡಿಯ ಮುಂದೆ ಹಾದುಹೋಗುವಾಗ ಕೆನ್ನೆ ಸವರಿಕೊಂಡು, "ಬೆಳೆಸೋಣ ಅಂತ ಇದೀನಿ ಕಣಯ್ಯ," ಎನ್ನುತ್ತಿದ್ದ. ಅವನ ಕಿವಿಯ ಕೆಳಗೆ ಕತ್ತಿ ತಗುಲಿದ ಗಾಯ ಇನ್ನೂ ಮಾಸಿರಲಿಲ್ಲ.

ಕ್ಷೌರಿಕನ ಹೆಂಡತಿಗೆ ಎಲ್ಲ ಗೊತ್ತಿತ್ತು. ಅಂಗಡಿಯ ಹಿಂದೆಯೇ ಮನೆ. ಬೆಳಗ್ಗೆ ಎದ್ದರೆ ಗಂಡನ ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಚಹಾ ತುಳುಕಿ ಅಂಗಿಯ ಮೇಲೆ ಬೀಳುತ್ತಿತ್ತು. ಆಗ ಅವಳೇ ಸೋಪಿನ ಡಬ್ಬಿಯ ಹಿಂದಿನಿಂದ ಬಾಟಲಿ ತೆಗೆದು ಒಂದು ಗುಟುಕು ಬಗ್ಗಿಸಿ ಕೊಡುತ್ತಿದ್ದಳು. ನಡುಕ ನಿಲ್ಲುತ್ತಿತ್ತು. ಮಧ್ಯಾಹ್ನಕ್ಕೆ ಮತ್ತೆ ಶುರು. ಯಾರಾದರೂ ಕೇಳಿದರೆ, "ಅವರಿಗೆ ಜ್ವರ" ಎಂದುಬಿಡುತ್ತಿದ್ದಳು.

ಕೂಸುಗಳ ತೂಕ ನೋಡಲು ಬೀದಿಗೆ ಬಂದಿದ್ದ ನರ್ಸಕ್ಕ ಒಂದು ದಿನ ಬಾಗಿಲಲ್ಲಿ ನಿಂತಳು. "ಏನಮ್ಮ, ಯಜಮಾನರ ಜ್ವರ ಇನ್ನೂ ಬಿಟ್ಟಿಲ್ವಾ? ಇಷ್ಟು ಹಟಮಾರಿ ಜ್ವರ ನಾನೂ ಕಂಡಿಲ್ಲ!"

ಹೆಂಡತಿಯ ಕಣ್ಣು ತುಂಬಿತು. "ಅವರು ಕೆಟ್ಟವರಲ್ಲ ಅಕ್ಕ. ಕುಡಿಯದಿದ್ರೆ ಕೈ ನಡುಗುತ್ತೆ. ಕೆಲಸ ಆಗಲಿ ಅಂತ ನಾನೇ ಕೊಡ್ತೀನಿ, ಔಷಧಿ ಥರ."

"ಅದು ಔಷಧಿಯಲ್ಲ ಕಣಮ್ಮ, ನಡುಕ ತರಿಸೋದೇ ಅದು. ಮೈ ಅದಕ್ಕೆ ಒಗ್ಗಿಹೋಗಿದೆ. ಸಿಗದಿದ್ರೆ ನಡುಗಿ ನಡುಗಿ ಕೇಳುತ್ತೆ. ಕೊಟ್ಟಷ್ಟೂ ಕೇಳುತ್ತೆ."

"ಹಾಗಾದ್ರೆ ಈಗಲೇ ಚರಂಡಿಗೆ ಸುರೀತೀನಿ!"

"ಅಯ್ಯೋ, ಆತುರ ಬೇಡ! ದಿನಾ ಕುಡಿಯೋರು ಒಮ್ಮೆಗೇ ಬಿಟ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಡಾಕ್ಟರ ಕಣ್ಣೆದುರು, ಮಾತ್ರೆ ತಗೊಂಡು ಬಿಡಬೇಕು. ಇದೂ ಒಂದು ಕಾಯಿಲೆ. ನಾಚಿಕೆ ಯಾಕೆ?"

ಒಳಗೆ ಕತ್ತರಿಗೆ ಎಣ್ಣೆ ಬಿಡುತ್ತಿದ್ದ ಕ್ಷೌರಿಕ ಹೊರಗೆ ಬಂದ. "ನನಗೇನ್ರೀ ಕಾಯಿಲೆ? ಗುಂಡುಕಲ್ಲಿನ ಹಾಗಿದೀನಿ. ಮನಸ್ಸು ಮಾಡಿದ್ರೆ ನಾಳೆನೇ ಬಿಡ್ತೀನಿ."

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ಮುಂಗೂದಲು ಕಣ್ಣಿಗೇ ಇಳಿದಿತ್ತು. ನರ್ಸಕ್ಕ ನಕ್ಕಳು. "ಏನೇ ಪುಟ್ಟಿ, ಕ್ಷೌರದಂಗಡಿಯವರ ಮಗಳಾಗಿ ನಿನ್ನ ಕಣ್ಣೇ ಕಾಣಲ್ವಲ್ಲೇ! ಅಪ್ಪ ಕತ್ತರಿಸಲ್ವಾ?"

ಹುಡುಗಿ ಅಪ್ಪನ ಕೈಯಲ್ಲಿದ್ದ ಕತ್ತರಿಯನ್ನು ನೋಡಿದಳು. ಅವಳ ಅಂಗೈ ತಾನಾಗಿಯೇ ಕಿವಿಯನ್ನು ಮುಚ್ಚಿತು. "ಬೆಳೆಸೋಣ ಅಂತ ಇದೀನಿ," ಎಂದಳು.

ಅಂಗಡಿಯ ಗೋಡೆಗೆ ಒರಗಿಸಿಟ್ಟ ಹಲಗೆಯ ಮೇಲೆ ಧೂಳು ಕೂತಿತ್ತು. ಮಕ್ಕಳ ತಲೆ ಕನ್ನಡಿಯ ಎತ್ತರಕ್ಕೆ ಬರಲೆಂದು ಕುರ್ಚಿಯ ಕೈಗಳ ಮೇಲೆ ಅಡ್ಡಲಾಗಿ ಇಡುವ ಹಲಗೆ ಅದು. ಮೊದಲೆಲ್ಲ ಮಗಳು ತಾನೇ ಅದನ್ನು ಎಳೆದು ತರುತ್ತಿದ್ದಳು.

ಕ್ಷೌರಿಕ ಕತ್ತರಿಯನ್ನು ಕೆಳಗಿಟ್ಟ. "ಆಸ್ಪತ್ರೆಗೆ ಹೋದ್ರೆ ಅಂಗಡಿ?" ಎಂದ ಮೆಲ್ಲಗೆ.

"ಮುಚ್ಚಿರಲಿ ಬಿಡ್ರೀ," ಎಂದಳು ಹೆಂಡತಿ. "ಯಾರಾದ್ರೂ ಕೇಳಿದ್ರೆ ಇನ್ನು ಜ್ವರ ಅನ್ನಲ್ಲ. ಕುಡಿತ ಬಿಡೋಕೆ ಹೋಗಿದಾರೆ ಅಂತ ತಲೆ ಎತ್ತಿ ಹೇಳ್ತೀನಿ."

ದಾರಿ ಸಲೀಸಾಗಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೂ ಅವನು ಒಮ್ಮೆ ಮತ್ತೆ ಕುಡಿತಕ್ಕೆ ಜಾರಿದ. ಹೆಂಡತಿ ಬೈಯಲಿಲ್ಲ, ಮುಚ್ಚಿಡಲೂ ಇಲ್ಲ. ಮತ್ತೆ ಡಾಕ್ಟರ ಹತ್ತಿರ ಕರೆದೊಯ್ದಳು. ಕುಡಿತ ಬಿಟ್ಟವರ ಕೂಟಕ್ಕೂ ಅವನು ಹೋಗತೊಡಗಿದ. ನಡುಕ ನಿಧಾನವಾಗಿ ಇಳಿಯಿತು.

ಒಂದು ಬೆಳಗ್ಗೆ ಅಂಗಡಿಯೊಳಗೆ ಏನೋ ಎಳೆದಾಡುವ ಸದ್ದು. ಹೆಂಡತಿ ಇಣುಕಿದಳು. ಮಗಳು ಹಲಗೆಯನ್ನು ಒರೆಸಿ ಕುರ್ಚಿಯ ಮೇಲಿಡುತ್ತಿದ್ದಳು. ಹತ್ತಿ ಕೂತವಳ ಕೈ ಮಾತ್ರ ಇನ್ನೂ ಕಿವಿಯ ಮೇಲೆ. ಅಪ್ಪ ಅವಳ ಮುಂದೆ ತನ್ನ ಕೈ ಚಾಚಿದ. ಹುಡುಗಿ ಅದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಕಿವಿಯ ಮೇಲಿನ ಕೈಯನ್ನು ಮಡಿಲಿಗೆ ಇಳಿಸಿದಳು.

ಬಾಗಿಲಲ್ಲಿ ಗಾಡಿಯವನು ಗಡ್ಡ ಕೆರೆದುಕೊಳ್ಳುತ್ತಿದ್ದ. "ಆಮೇಲೆ ನಂದೂ ನೋಡಯ್ಯ, ತುರಿಕೆ ತಡೆಯೋಕಾಗ್ತಿಲ್ಲ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ 'ಜ್ವರ' ಇದ್ದರೆ ಮುಚ್ಚಿಡಬೇಡಿ. ಬೈದು ಬಡಿದು ಬಿಡಿಸಲೂ ಹೋಗಬೇಡಿ; ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನೂ ಶುರು ಮಾಡದವರು ಮೊದಲ ಗುಟುಕನ್ನೇ ಬೇಡ ಎನ್ನಿ. ಕಿವಿಯ ಮೇಲಿನ ಕೈ ಇಳಿಸಲು ನಿಮ್ಮ ಮನೆಯ ಮಗುವೂ ಕಾಯುತ್ತಿರಬಹುದು.